ದಂಡಿನ ಊರಿನಲ್ಲಿ ಮನೆ

ಕೃಷ್ಣಾತೀರದ ಜುಗೂಳದಂಥ ಹಳ್ಳಿಯಲ್ಲಿ ಮನೆ ಬೇಕಾದವನು ದಲಾಲನನ್ನು ಅರಸುವುದಿಲ್ಲ. ಯಾವ ಮನೆ ಯಾರದೆಂಬುದು ಊರಿಗೆಲ್ಲ ಗೊತ್ತು. ಮಕ್ಕಳ ಓದಿಗಾಗಿಯೋ ನೌಕರಿಗಾಗಿಯೋ ಅದೇ ಮನುಷ್ಯನು ಬೆಳಗಾವಿಗೆ ಬಂದನೆಂದರೆ, ಅವನ ಕಣ್ಣು ಕಿವಿಗಳೆರಡೂ ದಲಾಲನೇ. ನಾವು ದಲಾಲರನ್ನು ಹಳಿಯಲೊಲ್ಲೆವು. ಅವರ ಕಾಲು ಸವೆದಲ್ಲದೆ ಪರಸ್ಥಳದವರಿಗೆ ಬಾಡಿಗೆಯ ಮನೆ ಸಿಕ್ಕುವುದು ದುರ್ಲಭ. ಅದು ಒಗ್ಗದಿದ್ದರೆ ಬಿಟ್ಟುಹೋಗಲೂಬಹುದು. ಕೊಳ್ಳುವ ಮಾತು ಬೇರೆ. ಅಲ್ಲಿ ಜೀವಮಾನದ ಉಳಿತಾಯವೇ ಪಣಕ್ಕಿದೆ.

ಬೆಳಗಾವಿಯು ದಂಡಿನ ಊರು. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವು 1922ರಿಂದಲೂ ಅಲ್ಲಿದೆ. ಕ್ಯಾಂಪಿನ ಮರಗಳ ನೆರಳಿನಲ್ಲಿರುವ ಹಳೆಯ ಬಂಗಲೆಗಳನ್ನು ಕಂಡು ಮನಸೋಲದವರಾರು? ಆದರೆ ದಂಡುಪ್ರದೇಶಗಳಲ್ಲಿ ‘ಹಳೆಯ ಅನುದಾನ’ದ ಬಂಗಲೆಗಳೆಂಬವು ಉಂಟು: ಕಟ್ಟಡ ಮಾತ್ರ ಒಡೆಯನದು, ನೆಲ ಸರಕಾರದ್ದು. ಇದನ್ನು ದಲಾಲನು ಹೇಳಬಹುದು, ಹೇಳದೆಯೂ ಇರಬಹುದು. ಇಂಥಲ್ಲಿ ನಗರದ ಉತಾರವನ್ನು ನೋಡಿದರೆ ಸಾಲದು. ದಂಡಿನ ಸಾಮಾನ್ಯ ಭೂನೋಂದಣಿ ಪುಸ್ತಕದಲ್ಲಿ ಆ ಜಾಗವು ಹೇಗೆ ದಾಖಲಾಗಿದೆಯೆಂದು ವಿಚಾರಿಸತಕ್ಕದ್ದು.

ಹೊಸ ಬಡಾವಣೆಗಳಿಗೆ 2016ರ ಸ್ಥಿರಾಸ್ತಿ ಕಾಯಿದೆಯುಂಟು. ನೋಂದಾಯಿತ ಯೋಜನೆಯ ಮನೆ ನಿವೇಶನಗಳನ್ನು ಮಾರಿಸುವ ದಲಾಲನು ತಾನೂ ‘ರೇರಾ’ದಲ್ಲಿ ನೋಂದಾಯಿಸಿಕೊಂಡಿರಬೇಕು, ತಪ್ಪಿದರೆ ದಿನವೊಂದಕ್ಕೆ 10,000 ರೂಪಾಯಿ ದಂಡ. ಆ ಸಂಖ್ಯೆಯನ್ನು ಕೇಳುವುದಕ್ಕೆ ನಮ್ಮ ವಿದ್ಯಾವಂತರೇ ಹೆಚ್ಚು ನಾಚುತ್ತಾರೆ! ಬಾಡಿಗೆಯ ದಲಾಲನಿಗೆ ಈ ಕಟ್ಟಿಲ್ಲವಾದ್ದರಿಂದ, ದಲಾಲಿ ಎಷ್ಟು, ಯಾವಾಗ ಎಂಬುದನ್ನು ಮನೆ ನೋಡಹೋಗುವ ಮುನ್ನವೇ ಮಾತಾಡಿಕೊಳ್ಳಬೇಕು. ಓಣಿಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದರೆ ಅವರನ್ನೂ ಕಾಣಬಹುದು. ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದನ್ನು ಅವರು ದಲಾಲನಿಗಿಂತ ಸರಿಯಾಗಿ ಹೇಳಬಲ್ಲರು.