ಅಂಚೆಕಾರ್ಡಿನ ಪ್ರಶ್ನೆ

(ಶಾಲೆಯ ವಿಜ್ಞಾನ ದಿನಾಚರಣೆಯಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ಕನ್ನಡದಲ್ಲಿ ಕಲಿತ ಮಗುವಿಗೆ ವಿಜ್ಞಾನ ದಕ್ಕೀತೇ ಎಂಬ ಪ್ರಶ್ನೆಯನ್ನು ಪ್ರವೇಶದ ದಿನಗಳಲ್ಲಿ ನಾವು ಪ್ರತಿವರ್ಷವೂ ಎದುರಿಸುತ್ತೇವೆ. ಅದಕ್ಕೆ ಉತ್ತರವಾಗಿ, ನಾವು ನೆಲೆಸಿರುವ ಈ ಮಹಾರಾಷ್ಟ್ರದವರೇ ಆದ ವಿಶ್ವವಿಜ್ಞಾನಿ ಜಯಂತ ನಾರಳೀಕರರನ್ನು ಇಂದು ಸ್ಮರಿಸೋಣ.

1938ರಲ್ಲಿ ಕೊಲ್ಹಾಪುರದಲ್ಲಿ ಜನಿಸಿದ ಅವರು ಕಾಶಿಯಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾದರು. ವಿಶ್ವವು ಮಹಾಸ್ಫೋಟದಿಂದ ಆರಂಭವಾಯಿತೆಂಬುದನ್ನು ಈ ಗುರುಶಿಷ್ಯರು ಒಪ್ಪಲಿಲ್ಲ. 1965ರಲ್ಲಿ ಪ್ರಕಟವಾದ ಹಿನ್ನೆಲೆ ವಿಕಿರಣದ ಶೋಧವು ಬಹುತೇಕ ವಿಜ್ಞಾನಿಗಳನ್ನು ಮಹಾಸ್ಫೋಟದ ಪಕ್ಷಕ್ಕೆ ತಂದಿತು. ನಾರಳೀಕರರು ಆ ಬಳಿಕವೂ ಬಹುಮತಕ್ಕೆ ಅಂಜದೆ, ಗಣಿತದ ಶಿಸ್ತನ್ನು ಬಿಡದೆ ಪರ್ಯಾಯವನ್ನು ಅರಸಿದರು.

1972ರಲ್ಲಿ ಸ್ವದೇಶಕ್ಕೆ ಮರಳಿದರು. 1988ರಲ್ಲಿ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನೆಯ ಬಾಗಿಲು ತೆರೆಯುವ ಆಯುಕಾ ಕೇಂದ್ರವನ್ನು ಪುಣೆಯಲ್ಲಿ ಕಟ್ಟಿದರು. ಇಂಥ ವಿದ್ವಾಂಸರು ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದರು. ಹಸ್ತಾಕ್ಷರ ಬೇಡಿದ ಮಕ್ಕಳಿಗೆ, ಅಂಚೆಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳುಹಿಸಲು ಹೇಳುತ್ತಿದ್ದರು. ಉತ್ತರ ಬರೆದು, ಅದರಡಿ ಸಹಿ ಹಾಕುತ್ತಿದ್ದರು. 2025ರಲ್ಲಿ ಅವರು ನಮ್ಮನ್ನಗಲಿದರು.

ಮರಾಠಿಗೆ ಸಾಧ್ಯವಾದುದು ಕನ್ನಡಕ್ಕೂ ಸಾಧ್ಯ. ಉನ್ನತ ವ್ಯಾಸಂಗಕ್ಕೆ ಇಂಗ್ಲಿಷ್ ಬೇಕು. ಅದನ್ನು ನಾವೂ ಕಲಿಸುತ್ತೇವೆ. ಆದರೆ ನಕ್ಷತ್ರ ಏಕೆ ಮಿನುಗುತ್ತದೆಂದು ಮಗು ಮೊದಲು ಕೇಳುವುದು ಮನೆಮಾತಿನಲ್ಲಿ. ಪಾಲಕರೇ, ಆಗ ‘ಸುಮ್ಮನಿರು’ ಎನ್ನಬೇಡಿರಿ. ಉತ್ತರ ತಿಳಿಯದಿದ್ದರೆ ಪ್ರಶ್ನೆಯನ್ನು ಬರೆಯಿಸಿ ಶಾಲೆಗೆ ಕಳುಹಿಸಿರಿ. ಉತ್ತರ ಹುಡುಕುವ ಹೊಣೆ ನಮ್ಮದು.