ಪತ್ತು ಗಳಿಸುವ ಬಗೆ



ಕೆಲವು ವರ್ಷಗಳ ಹಿಂದೆ ಮನೆ ಕಟ್ಟಲು ಸಾಲ ಕೇಳಿ ಬ್ಯಾಂಕಿಗೆ ಹೋಗಿದ್ದೆ. ಯಾರಿಗೂ ಒಂದು ರೂಪಾಯಿ ಬಾಕಿ ಇಲ್ಲವೆಂಬ ಹೆಮ್ಮೆ ನನಗೆ. ಅಧಿಕಾರಿ, “ಮೇಷ್ಟ್ರೇ, ನೀವು ಸಾಲ ಪಡೆದು ತೀರಿಸಿದ ದಾಖಲೆಯೇ ಇಲ್ಲವಲ್ಲ!” ಎಂದರು. ಅರ್ಜಿ ವಾಪಸ್ಸಾಯಿತು.

ಉರ್ದುವಿನಲ್ಲಿ ‘ಸಾಖ್’, ಕನ್ನಡದಲ್ಲಿ ‘ಪತ್ತು’ ಎನ್ನುವುದು ಇದಕ್ಕೇ. ಹಿಂದೆ ಅಂಗಡಿಯವರ ಲೆಕ್ಕದ ಪುಸ್ತಕದಲ್ಲಿದ್ದ ಈ ನಂಬಿಕೆ ಇಂದು ಸಿಬಿಲ್‌ನಂಥ ಸಂಸ್ಥೆಗಳಲ್ಲಿ 300ರಿಂದ 900ರವರೆಗಿನ ಅಂಕವಾಗಿದೆ. 750 ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಒಳ್ಳೆಯ ಅಂಕವೆಂದು ಎಣಿಸುತ್ತವೆ. ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಹೊಸಬರ ಅರ್ಜಿ ತಿರಸ್ಕರಿಸಬಾರದೆಂದು 2025ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೂ ಒಳ್ಳೆಯ ದಾಖಲೆ ಕೈಯಲ್ಲಿದ್ದರೆ ಮಾತಿಗೆ ಬಲ.

ಅದನ್ನು ಗಳಿಸಲು ಕ್ರೆಡಿಟ್ ಕಾರ್ಡ್ ಒಂದು ದಾರಿ. ಸುಲಭವಾಗಿ ಸಿಗದಿದ್ದರೆ ನಿಶ್ಚಿತ ಠೇವಣಿಯ ಆಧಾರದ ಮೇಲೆ ಪಡೆಯಬಹುದು. ದಿನಸಿ, ಕರೆಂಟ್ ಬಿಲ್ಲಿನಂಥ ಮಾಡಲೇಬೇಕಾದ ಖರ್ಚಿಗಷ್ಟೇ ಬಳಸಿರಿ. ಮಿತಿ 50,000 ರೂಪಾಯಿ ಇದ್ದರೆ 15,000 ದಾಟಬೇಡಿರಿ. ಗಡುವಿನೊಳಗೆ ಬಿಲ್ಲಿನ ಪೂರ್ತಿ ಹಣ ಕಟ್ಟಿದರೆ ಖರೀದಿಗೆ ಬಡ್ಡಿಯಿಲ್ಲ. ‘ಕನಿಷ್ಠ ಮೊತ್ತ’ ಕಟ್ಟಿ ಸುಮ್ಮನಾದರೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ಕ್ಕೂ ಹೆಚ್ಚು ಬಡ್ಡಿ! ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ.

ವರ್ಷಕ್ಕೊಮ್ಮೆ ನಿಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಿಮಗಿದೆ. ತಪ್ಪು ಕಂಡರೆ ತಿದ್ದಿಸಿರಿ.

ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಅಂಕ ಬಾರದೆಂದು ಮಕ್ಕಳಿಗೆ ಹೇಳುತ್ತೇವೆ. ಈ ಅಂಕಕ್ಕೂ ಅದೇ ಮಾತು. ಮನೆಯ ಯೋಚನೆ ಇದ್ದವರು ಒಂದೆರಡು ವರ್ಷ ಮೊದಲೇ ಆರಂಭಿಸಿರಿ. ಸಂಬಳಕ್ಕೆ ಮೀರಿ ಖರ್ಚಾಗುವ ಕೈಯಾದರೆ ಕಾರ್ಡನ್ನೇ ಮುಟ್ಟಬೇಡಿರಿ.