ಸಂಶೋಧನಾಲಯದಲ್ಲಿ ಸಾಮಾನ್ಯನ ಸ್ಥಾನ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ನಾಲ್ಕು ತಾಲ್ಲೂಕುಗಳ ಜನ ವೈದ್ಯವಿದ್ಯೆಯ ವಿಷಯದಲ್ಲಿ ಉದಾಸೀನರೆಂದು ಯಾರೂ ಹೇಳಲಾರರು. 2019ರಲ್ಲಿ, ಕನಕಪುರಕ್ಕೆ ಮಂಜೂರಾಗಿದ್ದ ವೈದ್ಯಕೀಯ ಕಾಲೇಜು ಚಿಕ್ಕಬಳ್ಳಾಪುರದ ಪಾಲಾದಾಗ ಕನಕಪುರ ಕನಲಿತು. 2023ರಲ್ಲಿ, ರಾಮನಗರಕ್ಕೆ ಬರಬೇಕಾದ ಕಾಲೇಜು ಕನಕಪುರಕ್ಕೆ ಹೋಗುವುದೆಂದು ತಿಳಿದಾಗ ರಾಮನಗರ ಬಂದ್ ಆಚರಿಸಿತು. ಇದು ಸಹಜವೇ. ಆದರೆ ಕಟ್ಟಡ ಎಲ್ಲಿ ಏಳಬೇಕೆಂಬುದಕ್ಕೆ ಬೀದಿಗಿಳಿಯುವ ನಾವು, ಅದರೊಳಗೆ ಯಾರು ಕೂರಬೇಕು, ಕೂತವರು ಯಾರಿಗೆ ಉತ್ತರ ಹೇಳಬೇಕು ಎಂದು ಕೇಳುವುದು ಅಪರೂಪ. ಖಾಲಿ ಬಿದ್ದ ಹುದ್ದೆಗಾಗಿ ಮೆರವಣಿಗೆ ಹೊರಟದ್ದನ್ನು ನಾನು ಕಂಡಿಲ್ಲ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಪ್ರಶ್ನೆ ನನ್ನಂಥವರದೂ ಹೌದೆಂದು ತಿಳಿಸಲು ಒಂದು ಹಳೆಯ ಸಂಗತಿಯನ್ನು ನೆನಪಿಸುತ್ತೇನೆ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಆರಂಭವಾದ ಇದನ್ನು 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ವಿಧ್ಯುಕ್ತವಾಗಿ ಉದ್ಘಾಟಿಸಿದರು. ಇದು ಕೇಂದ್ರ ಸರ್ಕಾರದ ಸಂಸ್ಥೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಳೂ ಆಗ ನೆರವಿಗೆ ನಿಂತಿದ್ದವು. ಇದರ ಹಿರಿಮೆ ಕಟ್ಟಡದಲ್ಲಿರಲಿಲ್ಲ, ಆರಿಸಿಕೊಂಡ ಜನರಲ್ಲಿತ್ತು. ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರು, ರೋಗಾಣುತಜ್ಞರು, ಕ್ಷ-ಕಿರಣದವರು, ದಾದಿಯರು ಇದ್ದರು. ಅಂದಿನ ಕಾಲಕ್ಕೆ ವಿಶೇಷವೆನಿಸುವಂತೆ ಸಮಾಜಶಾಸ್ತ್ರದ ವಿಭಾಗವೂ ಇತ್ತು.

ಆ ಒಂದು ವಿಭಾಗದಿಂದ ಏನಾಯಿತೆಂಬುದನ್ನು ನೋಡಿ. ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಪಂಡಿತರ ಸಾಮಾನ್ಯ ನಂಬಿಕೆಯಾಗಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯ ರೋಗಿಗಳ ಮನೆಬಾಗಿಲಿಗೆ ಹೋಗಿ ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ. ತಪ್ಪು ರೋಗಿಯದಾಗಿರಲಿಲ್ಲ, ವ್ಯವಸ್ಥೆಯದಾಗಿತ್ತು. ಸಮಾಜಶಾಸ್ತ್ರದವರ ಹುದ್ದೆ ಖಾಲಿ ಉಳಿದಿದ್ದರೆ ಈ ಸತ್ಯ ಎಂದು ಹೊರಬರುತ್ತಿತ್ತೋ ಹೇಳಲಾರೆ. 1962ರಲ್ಲಿ ಸಿದ್ಧವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ರೋಗವನ್ನು ಪತ್ತೆಮಾಡಿ ಚಿಕಿತ್ಸೆ ಕೊಡಬೇಕೆಂದದ್ದಕ್ಕೆ ಈ ಬಗೆಯ ವಿಚಾರಣೆಯೇ ಬುನಾದಿ.

ಇದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತಿನ ಸಮೀಕ್ಷೆ ನಡೆಸಿತು. ನಮ್ಮ ನಾಲ್ಕು ತಾಲ್ಲೂಕುಗಳೂ ಅಂದು ಅದೇ ಜಿಲ್ಲೆಗೆ ಸೇರಿದ್ದವೆಂಬುದನ್ನು ಮರೆಯಬಾರದು. 1974ರಲ್ಲಿ ಪ್ರಕಟವಾದ ಫಲಿತಾಂಶಗಳನ್ನು ಜಗತ್ತಿನ ತಜ್ಞರು ಇಂದಿಗೂ ಉದ್ಧರಿಸುತ್ತಾರೆ. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡವರ ಪೈಕಿ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರನೆಯ ಒಂದು ಭಾಗದಷ್ಟು ಜನ ತಾವಾಗಿ ಗುಣ ಹೊಂದಿದ್ದರು. ಉಳಿದವರು ರೋಗವನ್ನು ಹೊತ್ತೇ ಇದ್ದರು.

ಈ ಅಂಕಿಗಳನ್ನು ಓದಿದ ಯಾರಿಗಾದರೂ ಮನಸ್ಸು ಭಾರವಾಗುತ್ತದೆ. ವಿಜ್ಞಾನಕ್ಕೆ ಅವು ಅಮೂಲ್ಯ. ಆದರೆ ಎಣಿಸಲ್ಪಟ್ಟವರು ನಮ್ಮ ಅಜ್ಜಿಯರು, ಸೋದರಮಾವಂದಿರು. ಅವರಿಗೆ ಈ ಕೆಲಸದ ಉದ್ದೇಶವನ್ನು ಯಾವ ಮಾತಿನಲ್ಲಿ ತಿಳಿಸಲಾಯಿತು? ಅವರ ಪರವಾಗಿ ಸಂಸ್ಥೆಯೊಳಗೆ ಕೇಳುವವರು ಯಾರು? ಅಂದಿನ ಸಂಶೋಧಕರನ್ನು ದೂರಲು ನಾನು ಈ ಮಾತು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಇಂಥ ಪ್ರಶ್ನೆಗಳಿಗೆ ಲಿಖಿತ ನೀತಿಯೇ ಆಗ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ಮೊದಲು ಹೊರಡಿಸಿದ್ದು 1980ರಲ್ಲಿ.

ಇಂದು ಆ ನೀತಿ ಬಹಳ ಬೆಳೆದಿದೆ. ಮನುಷ್ಯರ ಮೇಲೆ ಸಂಶೋಧನೆ ನಡೆಸುವ ಪ್ರತಿ ಸಂಸ್ಥೆಯ ಯೋಜನೆಗಳನ್ನೂ ಒಂದು ನೈತಿಕ ಸಮಿತಿ ಪರಿಶೀಲಿಸಬೇಕು. ಅದರ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಕಾನೂನು ಬಲ್ಲವರು, ಸಮಾಜಶಾಸ್ತ್ರ ಬಲ್ಲವರು ಇರಬೇಕು. ವೈದ್ಯನೂ ವಿಜ್ಞಾನಿಯೂ ಅಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ಸಮ್ಮತಿಪತ್ರ ಜನರ ಭಾಷೆಯಲ್ಲಿರಬೇಕು. ನಿರ್ದೇಶಕರ ಕುರ್ಚಿಯ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗುತ್ತದೆ. ಈ ಸಾಮಾನ್ಯನ ಕುರ್ಚಿಯ ಬಗ್ಗೆ ಆಗುವುದಿಲ್ಲ.

ಆ ಕುರ್ಚಿ ಸಹಿಗಷ್ಟೇ ಮೀಸಲಾದರೆ ಏನು ಪ್ರಯೋಜನ? ಸಮ್ಮತಿಪತ್ರದ ಕನ್ನಡವನ್ನೇ ತೆಗೆದುಕೊಳ್ಳೋಣ. "ಯಾದೃಚ್ಛಿಕವಾಗಿ ಆಯ್ಕೆಗೊಂಡ ಸಹಭಾಗಿಯು ಸ್ವಇಚ್ಛೆಯಿಂದ ಹಿಂತೆಗೆದುಕೊಳ್ಳತಕ್ಕದ್ದು" ಎಂದು ಬರೆದರೆ ಮಾಗಡಿಯ ರೈತನಿಗಿರಲಿ, ಎಂ.ಎ. ಮಾಡಿದ ನನಗೂ ತಡವರಿಕೆ. "ಚೀಟಿ ಎತ್ತಿದ ಹಾಗೆ ನಿಮ್ಮನ್ನು ಆರಿಸಿದ್ದೇವೆ. ಬೇಡವೆನಿಸಿದ ದಿನ ಬಿಟ್ಟುಬಿಡಬಹುದು. ಬಿಟ್ಟರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ" ಎಂದರೆ ಯಾರಿಗೆ ತಿಳಿಯದು? ಹೀಗೆ ತಿದ್ದಿ ಬರೆಸುವುದು ಆ ಸಾಮಾನ್ಯ ಸದಸ್ಯನ ಕರ್ತವ್ಯ.

ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಗೊತ್ತು: ಹರಾಜಿನಲ್ಲಿ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೆಳೆಗಾರ ತನ್ನ ಗೂಡನ್ನು ಕೊಡದೆ ಇರಬಹುದು. ರೇಷ್ಮೆಗೂಡಿಗೆ ಸಲ್ಲುವ ಈ ಹಕ್ಕು ಮನುಷ್ಯನ ರಕ್ತಕ್ಕೂ ಕಫಕ್ಕೂ ಸಲ್ಲಬೇಡವೇ?

ಆದಕಾರಣ ನಮ್ಮ ಊರುಗಳಿಗೆ ವೈದ್ಯಕೀಯ ಸಂಸ್ಥೆ ಬರಲಿ ಎಂದು ಕೇಳುವಾಗ ಇನ್ನೂ ಮೂರು ಮಾತುಗಳನ್ನು ಸೇರಿಸಿ ಕೇಳೋಣ. ಹುದ್ದೆಗಳು ಕಾಲಕಾಲಕ್ಕೆ, ಅರ್ಹತೆ ನೋಡಿ ಭರ್ತಿಯಾಗಲಿ. ಲೆಕ್ಕ ಇಡುವವರ ಪಕ್ಕದಲ್ಲಿ ಜನರ ಮಾತು ಕೇಳಿಸಿಕೊಳ್ಳುವವರೂ ಇರಲಿ. ಸಾಮಾನ್ಯನ ಕುರ್ಚಿಯಲ್ಲಿ ನಿಜವಾಗಿ ಸಾಮಾನ್ಯನೇ, ಬಾಯಿ ಬಿಟ್ಟು ಮಾತನಾಡಬಲ್ಲವನೇ, ಕೂರಲಿ. ಕಟ್ಟಡ ಕನಕಪುರದಲ್ಲಿ ಎದ್ದರೇನು, ರಾಮನಗರದಲ್ಲಿ ಎದ್ದರೇನು? ಈ ಮೂರು ಇಲ್ಲದಿದ್ದರೆ, ಕೆಮ್ಮುತ್ತ ಬಂದವನ ಕೈಗೆ ಮತ್ತೆ ಅದೇ ಸೀಸೆ.